ಗೂಬೆ ಚಿತ್ರದ ಬ್ರೌಸರ್

ಬೀದಿಯವರೆಲ್ಲ ಅವಳನ್ನು ಮಿಷನಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಬ್ಯಾಂಕಿನವರನ್ನು ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಹೊಲಿಗೆ ಮಿಷನ್ ರಿಪೇರಿ ಅವಳ ಕಸುಬು. ಅಪ್ಪ ಬಿಟ್ಟುಹೋದ ಅಂಗಡಿ, ಅಪ್ಪ ಬಿಟ್ಟುಹೋದ ಉದ್ದನೆಯ ಮೇಜು, ಅಪ್ಪ ಬಿಟ್ಟುಹೋದ ತಂಗಿ, ಇಷ್ಟೇ ಅವಳ ಸಂಸಾರ. ಮದುವೆಯ ಮಾತು ಬಂದಾಗಲೆಲ್ಲ ಮೊದಲು ಪುಟ್ಟಿಯದಾಗಲಿ ಎಂದು ತಳ್ಳಿದಳು. ಪುಟ್ಟಿಯದಾದ ಮೇಲೆ, ಎಣ್ಣೆ ಮೆತ್ತಿದ ಈ ಕೈ ಹಿಡಿಯೋಕೆ ಯಾವ ಮಹಾನುಭಾವ ಬರ್ತಾನೆ ಎಂದು ನಕ್ಕು ಮುಗಿಸಿದಳು.

ಪುಟ್ಟಿ ಅಂದರೆ ಎಳೆ ಕೂಸೆಂದುಕೊಳ್ಳಬೇಡಿ. ನಲವತ್ತು ದಾಟಿದ ಹೆಂಗಸು. ಮೂಗಿನ ತುದಿಗೆ ಕನ್ನಡಕ, ಬೆರಳ ತುದಿಗೆ ಫೋನು, ಗಂಡ ಹದ್ದುಬಸ್ತಿನಲ್ಲಿ. ಅಂಗಡಿಯ ಮುಂಭಾಗ ಅವಳದು: ಬಂದವರನ್ನು ಮಾತಾಡಿಸುವುದು, ಬಿಡಿಭಾಗ ತರಿಸುವುದು, ಇವತ್ತು ಕೊಡುತ್ತೇವೆ ಎಂದಿದ್ದ ಮಿಷನ್ನನ್ನು ನಾಳೆ ಎಂದು ನಗುನಗುತ್ತಾ ಹೇಳುವುದು. ಹಿಂಭಾಗ ಅಕ್ಕನದು. ಅಲ್ಲಿ ಬಿಚ್ಚಿದ ಮಿಷನ್ನುಗಳು ಹೊಟ್ಟೆ ತೋರಿಸಿಕೊಂಡು ಮಲಗಿರುತ್ತಿದ್ದವು. ನಡುವೆ ಒಂದು ಪರದೆ, ಅದೂ ಅರ್ಧ ಹರಿದದ್ದು. ಅಕ್ಕ ಕೆಮ್ಮಿದರೆ ತಂಗಿಗೆ ಕೇಳುತ್ತಿತ್ತು, ತಂಗಿ ಫೋನಿನಲ್ಲಿ ಗಂಡನಿಗೆ ಬೈದರೆ ಅಕ್ಕನಿಗೆ.

ಹಳೆಯ ಮಿಷನ್ನುಗಳ ಬಿಡಿಭಾಗ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಯಾವುದೋ ಊರಿನ ಯಾವುದೋ ಮುದುಕ ತನ್ನ ಅಟ್ಟ ಗುಡಿಸುವಾಗ ಒಂದು ಶಟಲ್ ಸಿಕ್ಕಿ, ಅದರ ಫೋಟೋ ಇಂಟರ್ನೆಟ್ಟಿಗೆ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಕ್ಕನ ಮೇಜಿನ ಮೂಲೆಯಲ್ಲಿ ಒಂದು ಕಂಪ್ಯೂಟರ್. ಕಂಪ್ಯೂಟರಿನಲ್ಲಿ ಒಂದು ಬ್ರೌಸರ್. ಬ್ರೌಸರಿನಲ್ಲಿ ಎಷ್ಟು ಪುಟ ತೆರೆದಿರುತ್ತಿದ್ದವು ಎಂದು ಕೇಳಬೇಡಿ. ತೆರೆದ ಪುಟವನ್ನು ಅಕ್ಕ ಮುಚ್ಚುತ್ತಲೇ ಇರಲಿಲ್ಲ.

"ಮುಚ್ಚಿದ್ರೆ ಮತ್ತೆ ಸಿಗುತ್ತಾ? ಗೋಡೆ ಮೇಲಿನ ಡಬ್ಬಿಗಳನ್ನ ನೋಡು, ಒಂದನ್ನಾದ್ರೂ ಬಿಸಾಕಿದೀನಾ?" ಎನ್ನುತ್ತಿದ್ದಳು.

ಭಾರ ತಡೆಯಲಾರದೆ ಬ್ರೌಸರ್ ದಿನಕ್ಕೊಮ್ಮೆ ಮಕಾಡೆ ಮಲಗುತ್ತಿತ್ತು. ಒಂದು ದಿನ, ತಿಂಗಳುಗಟ್ಟಲೆ ಹುಡುಕಿದ ಒಂದು ಹಲ್ಲುಚಕ್ರ ಕೊನೆಗೂ ಕಣ್ಣಿಗೆ ಬಿದ್ದು, ಇನ್ನೇನು ಮಾರುವವನಿಗೆ ಎರಡು ಸಾಲು ಬರೆಯಬೇಕು, ಅಷ್ಟರಲ್ಲಿ ಕಂಪ್ಯೂಟರಿನ ಪರದೆ ಬಿಳಿಚಿಕೊಂಡು ಸತ್ತಿತು. ಮತ್ತೆ ಹುಡುಕಿ ಹೋಗುವಷ್ಟರಲ್ಲಿ ಚಕ್ರ ಬೇರೆಯವರ ಪಾಲಾಗಿತ್ತು. ಅಕ್ಕ ಸ್ಕ್ರೂಡ್ರೈವರ್ ಎತ್ತಿದ ಸದ್ದಿಗೆ ಪುಟ್ಟಿ ಪರದೆ ಸರಿಸಿ ಓಡಿಬಂದಳು.

"ಅಕ್ಕಾ, ಬೇಡ! ಅದು ಮಿಷನ್ನಲ್ಲ, ಬಿಚ್ಚೋಕಾಗಲ್ಲ!"

"ಬಿಚ್ಚೋಕಲ್ಲ ಕಣೇ, ಚುಚ್ಚೋಕೆ."

ಗಲಾಟೆ ಕೇಳಿ ಪಕ್ಕದ ಅಂಗಡಿಯ ಇಂಕಿನವನು ಬಂದ. ಪ್ರಿಂಟರುಗಳಿಗೆ ಇಂಕು ತುಂಬುವುದು ಅವನ ಕೆಲಸ, ಕರೆಯದಿದ್ದರೂ ಬಂದು ಬುದ್ಧಿ ಹೇಳುವುದು ಅವನ ಹವ್ಯಾಸ. ಬಾಗಿಲಿಗೆ ಒರಗಿ ನಿಂತು ಶುರು ಮಾಡಿದ.

"ಬ್ರೌಸರ್ ಬದಲಾಯಿಸಿ ಮಿಷನಕ್ಕ. ಮೂರು ವಿಷ್ಯ ನೋಡ್ಬೇಕು. ಬೀಳಬಾರ್ದು. ನಿಮಗೆ ಬೇಕಾದ ಹಾಗೆ ಬಗ್ಗಬೇಕು. ನಿಮ್ಮ ಗುಟ್ಟು ಊರಿಗೆ ಹಂಚಬಾರ್ದು."

"ಇಂಥ ಗಂಡೇ ಸಿಗ್ಲಿಲ್ಲ, ಬ್ರೌಸರ್ ಸಿಗುತ್ತಾ?" ಎಂದಳು ಅಕ್ಕ.

ಪುಟ್ಟಿ ಬಿದ್ದು ಬಿದ್ದು ನಕ್ಕಳು. ಇಂಕಿನವನೂ ನಕ್ಕ. ಆದರೆ ಅಕ್ಕನ ತಲೆಯಲ್ಲಿ ಮಾತು ಕೂತುಬಿಟ್ಟಿತ್ತು, ಅದರಲ್ಲೂ ಮೂರನೆಯದು. ಹಿಂದೊಮ್ಮೆ ಮೊಣಕಾಲಿನ ನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಹುಡುಕಿದ ತಪ್ಪಿಗೆ, ಹವಾಮಾನ ನೋಡಿದರೂ ಮೊಣಕಾಲು, ಸುದ್ದಿ ಓದಿದರೂ ಮೊಣಕಾಲು. ಜಾಹೀರಾತಿನ ಮೊಣಕಾಲುಗಳು ಅವಳನ್ನು ಬೆನ್ನಟ್ಟಿಕೊಂಡು ಬಂದಿದ್ದವು. ಮನುಷ್ಯರಿಗೆ ನಾಲ್ಕು ಜನರ ಮುಂದೆ ಆಡಲಾಗದ ಮಾತುಗಳು ಇದ್ದೇ ಇರುತ್ತವೆ. ಅವನ್ನೂ ಈ ಪೆಟ್ಟಿಗೆಯ ಮುಂದೆ ಕೂತು ಕೇಳುತ್ತೇವೆ. ಅದು ಬಾಯಿ ಹರುಕ ಎಂದಾದರೆ ಗತಿಯೇನು?

"ಪುಟ್ಟೀ, ಒಳ್ಳೆಯವು ಎರಡು ಮೂರು ಹಾಕಿಕೊಡು. ಓಡಿಸಿ ನೋಡ್ತೀನಿ."

ಮಾರನೆಯ ದಿನವೇ ಪುಟ್ಟಿ ಮೂರನ್ನು ತಂದು ಕೂರಿಸಿದಳು. ಅವುಗಳ ಹೆಸರು ಅಕ್ಕನ ನಾಲಿಗೆಗೆ ಹೊರಳಲಿಲ್ಲ. ಚಿತ್ರ ನೋಡಿಯೇ ಗುರುತು ಹಿಡಿದಳು. ಒಂದಕ್ಕೆ ಎಲೆ, ಒಂದಕ್ಕೆ ಕೆಟಲ್, ಒಂದಕ್ಕೆ ಗೂಬೆ.

"ಎಲ್ಲದಕ್ಕೂ ನನ್ನ ಅಕೌಂಟೇ ಹಾಕಿದೀನಿ ಅಕ್ಕ, ಹಳೇದಕ್ಕೆ ಹಾಕಿದ್ದ ಹಾಗೇ. ಪಾಸ್‌ವರ್ಡು ಗೀಸ್‌ವರ್ಡು ಅಂತ ನಿನಗ್ಯಾಕೆ ತಲೆನೋವು?"

"ನೀನಿಲ್ದೇ ಇದ್ರೆ ನಾನು ಇನ್ನೂ ಪೋಸ್ಟ್‌ಕಾರ್ಡ್ ಬರೀತಾ ಇರ್ತಿದ್ದೆ ಕಣೇ," ಎಂದು ಅಕ್ಕ ತಂಗಿಯ ಬೆನ್ನು ಸವರಿದಳು. ಬೆನ್ನ ಮೇಲೆ ಎಣ್ಣೆಯ ನಾಲ್ಕು ಬೆರಳು ಮೂಡಿದವು.

ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ಒಂದು ಕಟ್ಟಳೆ ಇತ್ತು. ರಿಪೇರಿಯಾದ ಮಿಷನ್ನನ್ನು ಒಳ್ಳೆಯ ಬಟ್ಟೆಯ ಮೇಲೆ ಎಂದೂ ಓಡಿಸಬಾರದು. ಮೊದಲು ಚಿಂದಿ. ನೇರ ಒಂದು ಗೆರೆ, ಮೂಲೆಗೆ ಒಂದು ತಿರುವು, ಬಂದ ದಾರಿಯಲ್ಲೇ ವಾಪಸ್ಸು. ಹೊಲಿಗೆ ಸುಕ್ಕಾದರೆ ಹಾಳಾಗುವುದು ಚಿಂದಿ, ಯಾರ ಮನೆಯ ಗಂಟೂ ಹೋಗುವುದಿಲ್ಲ. ಬ್ರೌಸರುಗಳನ್ನೂ ಅಕ್ಕ ಹಾಗೇ ಓಡಿಸಿದಳು. ಕೈಗೆ ಸಿಕ್ಕ ಪುಟಗಳನ್ನೆಲ್ಲ ತೆರೆದು, ಜೊತೆಗೆ ಎರಡು ವೀಡಿಯೋ ಹಚ್ಚಿ, ಬೀಳುತ್ತದೋ ಇಲ್ಲವೋ ನೋಡುತ್ತಾ ಚಹಾ ಕುಡಿದಳು. ಅಕ್ಷರ ಕಡಲೆಕಾಳಿನಷ್ಟು ದಪ್ಪಗಾಗಬೇಕು, ಪುಟಗಳು ಮೇಲೆ ಸಾಲಾಗಿ ಅಲ್ಲ, ಎಡಗಡೆ ಒಂದರ ಕೆಳಗೊಂದು ಡಬ್ಬಿ ಜೋಡಿಸಿದ ಹಾಗೆ ಕೂರಬೇಕು, ಎಂದು ಪುಟ್ಟಿಯ ಪ್ರಾಣ ತಿಂದಳು.

ಗುಟ್ಟಿನ ಪರೀಕ್ಷೆ ಹೇಳಿಕೊಟ್ಟವನು ಇಂಕಿನವನು. "ನಿಮಗೆ ಈ ಜನ್ಮದಲ್ಲಿ ಬೇಡದ್ದೊಂದನ್ನ ಹುಡುಕಿ. ಅದರ ಜಾಹೀರಾತು ಬರೋಕೆ ಶುರುವಾದ್ರೆ ಬ್ರೌಸರ್ ಬಾಯಿಬಡುಕ ಅಂತ ಅರ್ಥ."

ಚಿಂದಿಯ ಮೇಲೆ ಹೊಲಿದ ಹಾಗೇ ಆಯಿತಲ್ಲ! ಅಕ್ಕನಿಗೆ ಖುಷಿಯಾಯಿತು. ಈ ಜನ್ಮದಲ್ಲಿ ಬೇಡದ್ದು ಯಾವುದು ಎಂದು ಅತ್ತಿತ್ತ ನೋಡಿದಳು. ಅಪ್ಪನ ಮೇಜು, ಗೋಡೆಯ ಡಬ್ಬಿಗಳು, ಹರಿದ ಪರದೆ. ಒಂದೊಂದೇ ಬೆರಳಲ್ಲಿ ಒತ್ತಿದಳು: ಹೊಲಿಗೆ ಮಿಷನ್ ರಿಪೇರಿ ಅಂಗಡಿ ಸಮೇತ ಮಾರುವುದು ಹೇಗೆ. ಒತ್ತಿ ಮುಗಿಸಿ ಒಬ್ಬಳೇ ನಕ್ಕಳು. ಇದಕ್ಕಿಂತ ಒಳ್ಳೆಯ ಚಿಂದಿ ಎಲ್ಲಿ ಸಿಗಬೇಕು?

ಎಲೆ ಎರಡೇ ದಿನದಲ್ಲಿ ಬಾಯಿಬಿಟ್ಟಿತು. ನಿಮ್ಮ ವ್ಯಾಪಾರ ನಾವು ಕೊಳ್ಳುತ್ತೇವೆ ಎಂದು ಟೈ ಕಟ್ಟಿದವನೊಬ್ಬ ಪ್ರತಿ ಪುಟದಲ್ಲೂ ಹಲ್ಲುಕಿರಿಯತೊಡಗಿದ. ಕೆಟಲ್ ಏನನ್ನೂ ಹೇಳಲಿಲ್ಲ, ಹೇಳಲು ಅದು ಬದುಕಿದ್ದರಲ್ಲವೇ. ವೀಡಿಯೋ ಹಚ್ಚಿದ ಕೂಡಲೇ ಕಣ್ಣುಮುಚ್ಚುತ್ತಿತ್ತು. ಗೂಬೆ ಮಾತ್ರ ಗಟ್ಟಿ ಪಿಂಡ. ಬೀಳಲಿಲ್ಲ, ಹೇಳಿದ ಹಾಗೆ ಬಗ್ಗಿತು, ಚಿಂದಿಯ ಮಾತನ್ನು ಮತ್ತೆ ಮತ್ತೆ ಹಾಕಿದರೂ ಒಂದು ಜಾಹೀರಾತೂ ಬರಲಿಲ್ಲ.

"ಇದು ಬಾಯಿ ಬಿಗಿ ಇರೋ ಪ್ರಾಣಿ," ಎಂದು ಅಕ್ಕ ತೀರ್ಪು ಕೊಟ್ಟಳು. "ಉಳಿದವನ್ನ ತೆಗೆದುಹಾಕು ಪುಟ್ಟೀ."

ಪುಟ್ಟಿ ತೆಗೆದುಹಾಕಿದಳು. ಆ ದಿನಗಳಲ್ಲಿ ಅವಳು ಯಾಕೋ ಸಪ್ಪಗಿದ್ದಳು. ಗಂಡನ ಜೊತೆ ಏನೋ ಕಿರಿಕಿರಿ ಇರಬೇಕೆಂದು ಅಕ್ಕ ಕೇಳಲು ಹೋಗಲಿಲ್ಲ.

ಮುಂದಿನ ವಾರ ಮಹಡಿಯಿಂದ ಮಾಲೀಕರು ಇಳಿದುಬಂದರು. ಕಟ್ಟಡ ಅವರದು. ಅಪ್ಪನ ಜೊತೆ ಇಸ್ಪೀಟಾಡುತ್ತಿದ್ದ ಮನುಷ್ಯ, ಈಗ ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವವರು. ಪುಟ್ಟಿ ಕೊರಿಯರ್ ಕಳಿಸಲು ಹೋಗಿದ್ದಳು. ಮಾಲೀಕರು ಸ್ಟೂಲಿನ ಮೇಲೆ ಕೂತು ಸುತ್ತಲೂ ನೋಡಿದರು.

"ಇಷ್ಟೆಲ್ಲಾ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬಂತಮ್ಮ ನಿನಗೆ?"

"ಎಲ್ಲಿಗೆ ಹೋಗೋದು?"

"ನನ್ನ ಹತ್ರ ಮುಚ್ಚುಮರೆ ಯಾಕೆ? ಮಾರಿಬಿಡ್ತೀಯಂತಲ್ಲ. ನಿನ್ನ ತಂಗಿ ಅಳ್ತಾ ಬಂದಿದ್ಲು. ಅಂಗಡಿ ಕೈಬಿಟ್ಟು ಹೋಗೋ ಮೊದ್ಲು ತನ್ನ ಹೆಸರಿಗೆ ಬಾಡಿಗೆ ಕರಾರು ಮಾಡಿಕೊಡಿ ಅಂದ್ಲು. ಮಾಡಿಕೊಟ್ಟೆ. ನಿಮ್ಮಪ್ಪನ ಅಂಗಡಿ, ಬೇರೆಯವರ ಪಾಲಾಗೋದಕ್ಕಿಂತ ಹೆಣ್ಮಕ್ಕಳಲ್ಲೇ ಒಬ್ಬಳಿಗಿರಲಿ ಅಂತ. ತಪ್ಪಾಯ್ತಾ?"

ಅಕ್ಕನ ಕೈಯಲ್ಲಿದ್ದ ನೂಲು ಸುತ್ತುವ ಬಾಬಿನ್ ಜಾರಿ ಉರುಳುತ್ತಾ ಮೇಜಿನ ಕೆಳಗೆ ಹೋಯಿತು. ಅವಳು ಬಗ್ಗಿ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ಕೂತಳು.

"ಇಲ್ಲ, ತಪ್ಪೇನಿಲ್ಲ," ಎಂದಳು ಮೇಜಿನ ಕೆಳಗಿನಿಂದಲೇ.

ಮಾಲೀಕರು ಹೋದ ಮೇಲೆ ಅವಳು ಲೆಕ್ಕಾಚಾರ ಮಾಡುತ್ತಾ ಕೂತಳು. ಮಾರುವ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಇಂಕಿನವನಿಗೂ ಯಾವ ಚಿಂದಿ ಹಾಕಿದೆ ಎಂದು ಹೇಳಿರಲಿಲ್ಲ. ಹೇಳಿದ್ದು ಎಲೆಗೆ, ಕೆಟಲ್‌ಗೆ, ಗೂಬೆಗೆ. ಎದ್ದು ನೇರ ಪಕ್ಕದ ಅಂಗಡಿಗೆ ಹೋದಳು.

"ನಿನ್ನ ಪರೀಕ್ಷೆಯಲ್ಲಿ ಗೆದ್ದ ಗೂಬೆ ಬಾಯಿ ಬಿಟ್ಟಿದೆಯಲ್ಲೋ!"

ಇಂಕಿನವನು ನೀಲಿ ಕೈಗಳನ್ನು ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿದ. ಆಮೇಲೆ ಮೆಲ್ಲಗೆ ಕೇಳಿದ, "ಅಕೌಂಟ್ ಯಾರದು?"

"ಪುಟ್ಟೀದು."

"ಹಾಗಾದ್ರೆ ಗೂಬೆ ತಪ್ಪಲ್ಲ ಅಕ್ಕ. ಅದು ಹೊರಗಿನವರಿಗೆ ಹೇಳಿಲ್ಲ. ಆದ್ರೆ ಯಾರ ಅಕೌಂಟ್ ಹಾಕಿದೀರೋ ಅವರ ಫೋನಲ್ಲೂ ಅದೇ ಗೂಬೆ ಕೂತಿರುತ್ತೆ. ನೀವಿಲ್ಲಿ ಹುಡುಕಿದ್ದೆಲ್ಲ ಅಲ್ಲಿ ಕಾಣುತ್ತೆ. ಹಳೇ ಬ್ರೌಸರಿಗೂ ಅವರದ್ದೇ ಹಾಕಿದ್ರಾ?"

ಅದಕ್ಕೂ ಪುಟ್ಟಿಯದೇ. ಹಳೆಯದು ಬಂದು ಎಷ್ಟೋ ವರ್ಷಗಳಾಗಿದ್ದವು.

ಇಷ್ಟಾದರೂ ಅವಳ ಮನಸ್ಸು ಒಪ್ಪಲಿಲ್ಲ. ಜಡೆ ಹಾಕಿ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಸಾಕಿದ ಹುಡುಗಿ. ಏನೋ ಆಕಸ್ಮಿಕವಾಗಿ ಒಮ್ಮೆ ಕಣ್ಣಿಗೆ ಬಿದ್ದಿರಬಹುದು, ಹೆದರಿ ಓಡಿರಬಹುದು. ಹೊಲಿಗೆ ತಪ್ಪಿದರೆ ಒಂದೇ ಸಲಕ್ಕೆ ಮಿಷನ್ನನ್ನು ಬೈಯಬಾರದು. ನೂಲು ಬದಲಾಯಿಸಿ ಅದೇ ಗೆರೆಯನ್ನು ಇನ್ನೊಮ್ಮೆ ಹೊಲಿಯಬೇಕು. ಅಕ್ಕ ಗೂಬೆಯ ಮುಂದೆ ಕೂತು ಹೊಸ ಚಿಂದಿ ಹಾಕಿದಳು: ಐವತ್ತು ದಾಟಿದ ಹೆಂಗಸಿಗೆ ಗಂಡು ಬೇಕಾಗಿದೆ.

ಮಾರನೆಯ ಬೆಳಿಗ್ಗೆ ಪುಟ್ಟಿ ಬಂದವಳೇ ಪರದೆಯ ಆಚೆ ನಿಂತಳು. ಈಚೆ ಬರಲಿಲ್ಲ, ಆಚೆ ಹೋಗಲೂ ಇಲ್ಲ. ಕೊನೆಗೆ ಎರಡು ಲೋಟ ಚಹಾ ಹಿಡಿದು ಒಳಗೆ ಬಂದಳು.

"ಅಕ್ಕಾ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳು."

"ನಿನಗೆ ಇತ್ತೀಚೆಗೆ... ಒಂಟಿ ಅನ್ಸುತ್ತಾ? ಈ ವಯಸ್ಸಲ್ಲೂ ಜೊತೆ ಬೇಕು ಅನ್ಸಿದ್ರೆ ತಪ್ಪೇನಿಲ್ಲ. ನಮ್ಮೆಜಮಾನ್ರ ಆಫೀಸಲ್ಲಿ ಒಬ್ರಿದಾರೆ, ಹೆಂಡತಿ ತೀರಿಕೊಂಡು..."

ಅಕ್ಕ ತಂಗಿಯ ಮುಖವನ್ನೇ ನೋಡುತ್ತಿದ್ದಳು. ನಗು ಬಂದೇಬಿಡುತ್ತಿತ್ತು. ಯಾವನೋ ಪಾಪದವನು ತನ್ನ ಎಣ್ಣೆ ಕೈ ಹಿಡಿಯಲು ಆಗಲೇ ಸಿದ್ಧನಾಗಿ ನಿಂತಿದ್ದಾನೆ! ಆದರೆ ಅವಳು ನಗಲಿಲ್ಲ.

"ಹುಡುಗನಿಗೆ ಕೂದಲಿದೆಯಾ?" ಎಂದಳು.

"ಅಕ್ಕಾ, ತಮಾಷೆ ಅಲ್ಲ..."

"ಗೊತ್ತು ಕಣೇ, ತಮಾಷೆ ಅಲ್ಲ. ಗಂಡು ಬೇಕು ಅಂತ ನಾನು ಬಾಯಿಬಿಟ್ಟು ಹೇಳಿದ್ದು ಒಂದು ಗೂಬೆಗೆ. ನಿನಗೆ ಯಾರು ಹೇಳಿದ್ರು?"

ಲೋಟಗಳು ಪುಟ್ಟಿಯ ಕೈಯಲ್ಲೇ ಉಳಿದವು. ಮೇಜಿನ ಮೇಲೆ ಇಡಬೇಕೆಂದು ಅವಳಿಗೆ ತೋಚಲಿಲ್ಲ.

"ನನಗೆ ಗಂಡೂ ಬೇಡ, ಅಂಗಡಿ ಮಾರೋದೂ ಇಲ್ಲ. ಎರಡೂ ಚಿಂದಿ. ಬ್ರೌಸರ್ ಪರೀಕ್ಷೆ ಮಾಡೋಕೆ ಹಾಕಿದ್ದು. ಎಲೆ ಬಾಯಿಬಿಟ್ರೆ ಟೈ ಹಾಕಿದವನು ಬಂದ. ಗೂಬೆ ಬಾಯಿಬಿಟ್ರೆ ನೀನು ಬಂದೆ."

ಪುಟ್ಟಿಗೆ ಅಳು ಬಂತು. "ನಾನು ಬೇಕಂತ ಮಾಡ್ಲಿಲ್ಲಕ್ಕ. ಮೊದ್ಲು ತಾನಾಗೇ ಕಾಣಿಸ್ತು, ಫೋನಲ್ಲಿ ಏನೋ ಒತ್ತೋಕೆ ಹೋದ್ರೆ ನೀನು ಹುಡುಕಿದ್ದೆಲ್ಲ ಕೆಳಗೆ ಬಂತು. ಆಮೇಲೆ... ನೋಡೋದು ಅಭ್ಯಾಸ ಆಗೋಯ್ತು. ನೀನೋ ಬಾಯಿಬಿಟ್ಟು ಏನೂ ಹೇಳಲ್ಲ. ನಿನ್ನ ಹೊಟ್ಟೆಯಲ್ಲೇನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಕೇಳಿದ್ರೆ ಗೊತ್ತಾಗ್ತಿತ್ತು. ಮಧ್ಯ ಇರೋದು ಒಂದು ಹರಕು ಪರದೆ. ನನ್ನನ್ನ ಕೇಳ್ದೆ ಮಹಡಿ ಹತ್ತಿ ಹೋಗಿ ಅಂಗಡಿ ನಿನ್ನ ಹೆಸರಿಗೆ ಬರ್ಸಿಕೊಂಡೆ."

"ಹೆದರಿಕೆ ಆಯ್ತು! ನೀನು ಹೇಳ್ದೆ ಕೇಳ್ದೆ ಮಾರಿ ಹೋಗ್ತೀಯಾ ಅಂತ. ಆಸ್ಪತ್ರೆಗೆ ಹೋದಾಗ್ಲೂ ನೀನು ಹೇಳ್ಲಿಲ್ಲ ತಾನೇ?"

ಪುಟ್ಟಿಯ ಬಾಯಿಂದ ಮಾತು ಜಾರಿಬಿಟ್ಟಿತ್ತು. ವಾಪಸ್ಸು ನುಂಗಲು ಬರುವ ಹಾಗಿರಲಿಲ್ಲ.

ಹಿಂದಿನ ವರ್ಷ ಅಕ್ಕನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಅದೇನಿರಬಹುದೆಂದು ದಿನಗಟ್ಟಲೆ ಈ ಕಂಪ್ಯೂಟರಿನ ಮುಂದೆ ಕೂತು ಓದಿದ್ದಳು. ಆಮೇಲೆ ಸೂಜಿ ತರುತ್ತೇನೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಹೋಗಿದ್ದಳು. ಪರೀಕ್ಷೆಗೆ ಒಂದು ಸಲ, ಫಲಿತಾಂಶಕ್ಕೆ ಒಂದು ಸಲ. ಉದ್ದನೆಯ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಾಗ ನರ್ಸ್ ಬಂದು, ಜೊತೆಗೆ ಯಾರಿದ್ದಾರೆ ಎಂದು ಕೇಳಿದ್ದಳು. ಯಾರೂ ಇಲ್ಲ ಎಂದು ಹೇಳುವಾಗ ಅಕ್ಕನಿಗೆ ತನ್ನ ದೊಡ್ಡತನದ ಬಗ್ಗೆ ಒಂಚೂರು ಹೆಮ್ಮೆಯೂ ಆಗಿತ್ತು. ಪುಟ್ಟಿ ಹೆದರುತ್ತಾಳೆ, ಅವಳಿಗೇಕೆ ಈ ಸಂಕಟ ಎಂದು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆಗಾಗ ಬಂದು ತೋರಿಸಿಕೊಂಡು ಹೋಗಿ ಎಂದು ಕಳಿಸಿದ್ದರು.

"ನಿನಗೆ ಗೊತ್ತಿತ್ತು," ಎಂದಳು ಅಕ್ಕ.

ಪುಟ್ಟಿ ತಲೆ ತಗ್ಗಿಸಿದಳು.

"ಎಲ್ಲಾ ಗೊತ್ತಿತ್ತಾ? ಯಾವ ಗಂಟು, ಎಷ್ಟು ದಿನ ಬದುಕ್ತಾರೆ ಅಂತ ನಾನು ಹುಡುಕಿದ್ದೂ?"

"ನಾನೂ ನಿದ್ದೆ ಮಾಡ್ಲಿಲ್ಲಕ್ಕ. ಆಣೆಗೂ. ನೀನು ಏನು ಓದ್ತೀಯೋ ಅದನ್ನೇ ನಾನೂ ಓದ್ತಿದ್ದೆ. ಕೊನೇಲಿ, ಏನೂ ಇಲ್ಲದ ಗಂಟಿಗೆ ಔಷಧಿ ಬೇಕಾ ಅಂತ ನೀನು ಹುಡುಕಿದ್ದು ನೋಡಿ ಬಚ್ಚಲಲ್ಲಿ ಕೂತು ಅತ್ತೆ."

"ಬಚ್ಚಲಲ್ಲಿ. ನಾನು ಆಸ್ಪತ್ರೆ ಓಣಿಯಲ್ಲಿ ಕೂತಿದ್ದೆ, ಪಕ್ಕದ ಕುರ್ಚಿ ಖಾಲಿ ಇತ್ತು. ಬರಬಹುದಿತ್ತಲ್ಲ?"

"ಬಂದಿದ್ರೆ... ನಾನು ನೋಡ್ತಿದ್ದೀನಿ ಅಂತ ನಿನಗೆ ಗೊತ್ತಾಗಿಬಿಡ್ತಿತ್ತು."

ಹೊರಗೆ ಯಾರೋ ಟೈಲರ್ ತನ್ನ ಮಿಷನ್ ಆಯಿತಾ ಎಂದು ಕೂಗಿ, ಉತ್ತರ ಬಾರದೆ ಹೋದ. ಅಂಗಡಿ ಹೋದದ್ದಕ್ಕೆ ಅಕ್ಕನಿಗೆ ಸಿಟ್ಟು ಬಂದಿತ್ತು. ಸಿಟ್ಟಿಗೆ ಬೈಗುಳವಾದರೂ ಇರುತ್ತದೆ. ಪುಟ್ಟಿಯ ಈ ಮಾತಿಗೆ ಅದೂ ಸಿಗಲಿಲ್ಲ. ಸಂಕಟ ಮುಚ್ಚಿಟ್ಟು ಯಾರನ್ನು ಕಾಪಾಡಿದ್ದೇನೆ ಎಂದುಕೊಂಡಿದ್ದಳೋ ಆ ತಂಗಿಯೇ, ಎಲ್ಲವನ್ನೂ ಕಿಂಡಿಯಿಂದ ನೋಡುತ್ತಾ, ಕಿಂಡಿ ಮುಚ್ಚಿಹೋದೀತೆಂದು ತನ್ನನ್ನು ಒಂಟಿಯಾಗಿ ಕಳಿಸಿದ್ದಳು.

"ಈಗ್ಲೇ ಮೇಲೆ ಹೋಗ್ತೀನಿ," ಎಂದಳು ಪುಟ್ಟಿ ಮೂಗು ಒರೆಸಿಕೊಳ್ಳುತ್ತಾ. "ಕರಾರು ನಿನ್ನ ಹೆಸರಿಗೆ ಮಾಡಿಸ್ತೀನಿ."

"ಬೇಡ. ನಿನ್ನ ಹೆಸರಲ್ಲೇ ಇರ್ಲಿ. ಇವತ್ತಿಂದ ನೀನು ಯಜಮಾನಿ, ನಾನು ಕೆಲಸದವಳು. ಕೆಲಸದವಳ ಮೇಲೆ ಕಣ್ಣಿಡೋದು ಯಜಮಾನರ ಹಕ್ಕು. ಇಷ್ಟು ದಿನ ಕದ್ದು ನೋಡ್ತಿದ್ದೆ, ಇನ್ನು ಎದುರಿಗೇ ನಿಂತು ನೋಡು."

"ಹಾಗೆಲ್ಲಾ ಮಾತಾಡ್ಬೇಡಕ್ಕ..."

"ಚಹಾ ಆರಿಹೋಯ್ತು, ಯಜಮಾನ್ರೇ."

ಅಷ್ಟು ಹೇಳಿ ಅಕ್ಕ ಗೂಬೆಯ ಕಡೆ ತಿರುಗಿದಳು. ಯಾರನ್ನೂ ಕೇಳದೆ, ಕಡಲೆಕಾಳಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಾ, ತಂಗಿಯ ಅಕೌಂಟಿನಿಂದ ಹೊರಗೆ ಬರುವ ಗುಂಡಿಯನ್ನು ಹುಡುಕಿದಳು. ಸುಲಭಕ್ಕೆ ಸಿಗಲಿಲ್ಲ. ಮೂರು ಮನೆಯೊಳಗೆ ಹೊಕ್ಕು ಹೊರಟಂತೆ ಸುತ್ತಿ ಕೊನೆಗೆ ಸಿಕ್ಕಿತು. ಒತ್ತಿದಳು. ಹಳೆಯ ಬ್ರೌಸರಿನಿಂದ ತಂದು ಎಡಗಡೆ ಜೋಡಿಸಿಟ್ಟಿದ್ದ ಪುಟಗಳೆಲ್ಲ ಒಮ್ಮೆಗೇ ಮಾಯವಾದವು. ವರ್ಷಗಳಿಂದ ಕೂಡಿಟ್ಟ ಶಟಲ್ಲು, ಚಕ್ರ, ಮುದುಕರ ಅಟ್ಟ ಎಲ್ಲ ತಂಗಿಯ ಜೊತೆಗೇ ಹೋದವು. ಒಂದೂ ಉಳಿಯಲಿಲ್ಲ. ಖಾಲಿ ಪರದೆಯ ಮೇಲೆ ಗೂಬೆ ಒಂದೇ ಕಣ್ಣು ಬಿಟ್ಟುಕೊಂಡು ಕೂತಿತ್ತು.

ಆಮೇಲೂ ಅಂಗಡಿ ನಡೆಯಿತು. ಜನರಿಗೆ ಮಿಷನ್ ಸರಿಯಾದರೆ ಸಾಕು, ಯಾರ ಹೆಸರಲ್ಲಿ ಕರಾರಿದೆ ಎಂದು ಯಾರಿಗೆ ಬೇಕು? ಪುಟ್ಟಿ ಈಗ ಎಲ್ಲವನ್ನೂ ಬಾಯಿಬಿಟ್ಟು ಕೇಳಬೇಕಾಯಿತು. ಊಟ ಆಯ್ತಾ ಅಕ್ಕ? ನಿದ್ದೆ ಬಂತಾ? ಮೊಣಕಾಲು ಹೇಗಿದೆ? ಆಯ್ತು, ಬಂತು, ಚೆನ್ನಾಗಿದೆ ಎಂದು ಅಕ್ಕ ಯಜಮಾನರಿಗೆ ಉತ್ತರ ಕೊಟ್ಟ ಹಾಗೆ ತಲೆಯೆತ್ತದೆ ಹೇಳುತ್ತಿದ್ದಳು. ಅರ್ಧಕ್ಕರ್ಧ ಸುಳ್ಳು.

ಆಸ್ಪತ್ರೆಗೆ ಮತ್ತೆ ತೋರಿಸಲು ಹೋಗುವ ದಿನ ಬಂತು. ಅಕ್ಕ ಕೈ ತೊಳೆದು, ಉಗುರಿನೊಳಗಿನ ಎಣ್ಣೆ ತಿಕ್ಕಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಪರದೆ ಸರಿಸಿ ಮುಂಭಾಗಕ್ಕೆ ಬಂದಳು.

"ಎಲ್ಲಿಗೆ ಹೊರಟೆ ಅಕ್ಕ?"

"ಸೂಜಿ ತರೋಕೆ."

ಪುಟ್ಟಿಯ ಎದುರಿನ ಗಾಜಿನ ಕಪಾಟಿನಲ್ಲಿ ಸೂಜಿಯ ಪೊಟ್ಟಣಗಳು ಒತ್ತೊತ್ತಾಗಿ ತುಂಬಿದ್ದವು. ಅವಳು ಅವನ್ನು ನೋಡಿದಳು, ಅಕ್ಕನ ಬಟ್ಟೆಯನ್ನು ನೋಡಿದಳು. ಅರ್ಥವಾಯಿತೆಂದು ಮುಖವೇ ಹೇಳುತ್ತಿತ್ತು. ಅಕ್ಕ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ನಿಂತಳು. ಚಪ್ಪಲಿ ಕಾಲ ಬಳಿಯೇ ಇತ್ತು. ಒಂದನ್ನು ಹಾಕಿದಳು, ತೆಗೆದಳು, ಧೂಳು ಕೊಡವಿ ಮತ್ತೆ ಹಾಕಿದಳು. ನಾನೂ ಬರ್ತೀನಿ ಎಂಬ ಎರಡು ಮಾತಿಗೆ ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು ಕೊಟ್ಟಳು.

ಪುಟ್ಟಿಯ ಬಾಯಿ ತೆರೆಯಿತು. ಅಷ್ಟರಲ್ಲಿ ಕೌಂಟರಿನ ಮೇಲಿದ್ದ ಫೋನು ಗುನುಗಿತು. ಅವಳ ಕಣ್ಣು ತಾನಾಗಿಯೇ ಅದರ ಕಡೆ ಹೋಯಿತು.

"ಬೇಗ ಬಂದ್ಬಿಡು," ಎಂದಳು, ಫೋನು ನೋಡುತ್ತಾ.

"ಹೂಂ, ಯಜಮಾನ್ರೇ," ಎಂದು ಅಕ್ಕ ಬೀದಿಗಿಳಿದಳು.